ಕ್ರೈಸ್ತ ಕುಟುಂಬದಲ್ಲಿ ದತ್ತು: ಅರ್ಜಿಯಿಂದ ಆದೇಶದವರೆಗೆ

ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವುದು ನಿಜವಾದ ಭಕ್ತಿ ಎಂದು ಯಾಕೋಬನ ಪತ್ರಿಕೆ (1:27) ಹೇಳುತ್ತದೆ. ಆದರೆ ಭಾರತದ ಕ್ರೈಸ್ತರಿಗೆ ದತ್ತು ಪಡೆಯಲು ಬಹುಕಾಲ ನೇರವಾದ ಕಾನೂನೇ ಇರಲಿಲ್ಲ. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಉಳಿದವರು ಸಾಮಾನ್ಯವಾಗಿ 1890ರ ಪಾಲಕತ್ವ ಕಾಯ್ದೆಯಡಿ ಮಗುವಿಗೆ ಪಾಲಕರು (ಗಾರ್ಡಿಯನ್) ಆಗಬಹುದಿತ್ತು, ಅಪ್ಪ-ಅಮ್ಮ ಆಗುವಂತಿರಲಿಲ್ಲ. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು. ಈಗ ಜಾರಿಯಲ್ಲಿರುವುದು ಆ ಕಾಯ್ದೆಯ 2015ರ ರೂಪ ಮತ್ತು 2022ರ ದತ್ತು ನಿಯಮಗಳು.

ಎಡವುವುದು ಎಲ್ಲಿ?

ಹೆಚ್ಚಿನವರು ಎಡವುವುದು ಅರ್ಜಿ ಹಾಕುವ ಮೊದಲೇ. 'ಗೊತ್ತಿರುವ ಸಿಸ್ಟರ್ ಒಬ್ಬರ ಹತ್ತಿರ ಮಗು ಇದೆಯಂತೆ', 'ಪಾಸ್ಟರ್ ಮಾತಾಡಿ ಕೊಡಿಸುತ್ತಾರಂತೆ' ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರೂ ಅದು ದತ್ತು ಆಗುವುದಿಲ್ಲ. ವಿಧಾನ ತಪ್ಪಿಸಿ ಮಗು ಪಡೆದರೆ 3 ವರ್ಷದವರೆಗೆ, ಮಗುವನ್ನು ಕೊಂಡರೆ ಅಥವಾ ಮಾರಿದರೆ 5 ವರ್ಷದವರೆಗೆ ಜೈಲು. ಉದ್ದೇಶ ಒಳ್ಳೆಯದಿತ್ತು ಎಂದರೆ ಕಾನೂನು ಕೇಳುವುದಿಲ್ಲ, ಮಗುವನ್ನು ಮನೆಯಿಂದ ಕರೆದೊಯ್ಯುವಾಗಲೂ ಕೇಳುವುದಿಲ್ಲ.

ಚರ್ಚಿನ ಬಾಗಿಲಲ್ಲಿ ಕೂಸು ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ. ಹೆತ್ತವಳೇ ಬಂದು ಸಾಕಲಾರೆ ಎಂದರೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕರೆದೊಯ್ಯಿರಿ. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಅವಳಿಗೆ 60 ದಿನ ಇರುತ್ತದೆ. ಈ ಗಡುವು ಸುಮ್ಮನೆ ಇಟ್ಟದ್ದಲ್ಲ, ಅದನ್ನು ಬಳಸಿಕೊಳ್ಳುವ ತಾಯಂದಿರಿದ್ದಾರೆ.

ಅರ್ಜಿ ಮತ್ತು ಮನೆ ಭೇಟಿ

ನೋಂದಣಿ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ (CARA) ಪೋರ್ಟಲ್‌ನಲ್ಲಿ ಮಾತ್ರ. ದಂಪತಿಗೆ ಮದುವೆಯಾಗಿ 2 ವರ್ಷ ಕಳೆದಿರಬೇಕು. 2 ವರ್ಷದೊಳಗಿನ ಮಗುವಿಗೆ ಇಬ್ಬರ ವಯಸ್ಸು ಕೂಡಿಸಿದರೆ 85 ಮೀರಬಾರದು. 2ರಿಂದ 4ರ ಮಗುವಿಗೆ 90, 4ರಿಂದ 8ಕ್ಕೆ 100, ಅದಕ್ಕಿಂತ ದೊಡ್ಡ ಮಗುವಿಗೆ 110. ಮಗುವಿಗೂ ಇಬ್ಬರಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ 25 ವರ್ಷ ಅಂತರವಿರಬೇಕು. ಒಂಟಿ ಮಹಿಳೆ ಯಾವ ಮಗುವನ್ನಾದರೂ ಪಡೆಯಬಹುದು, ಒಂಟಿ ಪುರುಷ ಹೆಣ್ಣುಮಗುವನ್ನು ಪಡೆಯುವಂತಿಲ್ಲ.

ಪ್ಯಾನ್, ವಿಳಾಸ, ಜನನ ದಿನಾಂಕ ಮತ್ತು ಆದಾಯದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪರಿಚಿತರಿಬ್ಬರ ಪತ್ರ ಇವನ್ನು ಸಿದ್ಧಮಾಡಿಕೊಳ್ಳಿ. ಕ್ರೈಸ್ತ ಅರ್ಜಿದಾರರು ಹೆಚ್ಚಾಗಿ ತೊಡಕಿಗೆ ಸಿಕ್ಕುವುದು ಹೆಸರಿನಲ್ಲಿ. ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಬ್ಯಾಪ್ಟಿಸಂ ಹೆಸರು, ಆಧಾರ್‌ನಲ್ಲಿ ಮನೆಹೆಸರು ಸೇರಿದ ಇನ್ನೊಂದು ರೂಪ. ಇದನ್ನು ಮೊದಲೇ ಸರಿಪಡಿಸಿ.

ದಾಖಲೆ ಕೊಟ್ಟ 60 ದಿನದೊಳಗೆ ಸಮಾಜ ಕಾರ್ಯಕರ್ತರು ಗೃಹ ಅಧ್ಯಯನಕ್ಕೆ ಬರುತ್ತಾರೆ. ಅವರು ನೋಡುವುದು ಟೈಲ್ಸ್ ಹಾಕಿದ ಮನೆಯನ್ನಲ್ಲ. ಮಗು ಬರುವುದಕ್ಕೆ ಅಜ್ಜಿ-ತಾತ ಒಪ್ಪಿದ್ದಾರೆಯೇ, ಸಿಟ್ಟು ಬಂದಾಗ ಏನು ಮಾಡುತ್ತೀರಿ, ದತ್ತು ವಿಷಯವನ್ನು ಮಗುವಿಗೆ ಯಾವಾಗ ಹೇಳುತ್ತೀರಿ ಎಂದು ಕೇಳುತ್ತಾರೆ. 'ದೇವರ ಚಿತ್ತ' ಎಂಬ ಒಂದೇ ಉತ್ತರ ಇಲ್ಲಿ ಸಾಲದು. ವರದಿ 3 ವರ್ಷ ಚಲಾವಣೆಯಲ್ಲಿರುತ್ತದೆ.

ಮುಂದೆ ಕಾಯುವ ಕಾಲ. ಪುಟ್ಟ, ಆರೋಗ್ಯವಂತ ಮಗುವೇ ಬೇಕೆಂದರೆ ವರ್ಷಗಟ್ಟಲೆ. ಮಗುವಿನ ವಿವರ ಪೋರ್ಟಲ್‌ಗೆ ಬಂದ 48 ಗಂಟೆಯೊಳಗೆ ಕಾಯ್ದಿರಿಸಬೇಕು, ಆದ್ದರಿಂದ ಮೊಬೈಲ್ ನಂಬರು ಬದಲಾದರೆ ಕೂಡಲೇ ತಿದ್ದಿ. ವೈದ್ಯಕೀಯ ವರದಿಯನ್ನು ನಿಮ್ಮ ವೈದ್ಯರಿಗೂ ತೋರಿಸಿ. ಒಪ್ಪಿದ ಮೇಲೆ ಮಗು ದತ್ತುಪೂರ್ವ ಪೋಷಕತ್ವದಲ್ಲಿ ಮನೆಗೆ ಬರುತ್ತದೆ, ಕಡತ ಜಿಲ್ಲಾಧಿಕಾರಿಯ ಬಳಿ ಹೋಗುತ್ತದೆ. 2022ರ ಸೆಪ್ಟೆಂಬರಿನಿಂದ ಆದೇಶ ಕೊಡುವವರು ಅವರೇ, ಕೋರ್ಟ್ ಅಲ್ಲ.

ಶುಲ್ಕ ನಿಗದಿಯಾಗಿದೆ, ಅದಕ್ಕಿಂತ ಹೆಚ್ಚು 'ದೇಣಿಗೆ' ಕೇಳಿದರೆ ದೂರು ಕೊಡಿ.

ದೀಕ್ಷಾಸ್ನಾನ ಯಾವಾಗ?

ಆದೇಶ ಬರುವವರೆಗೆ ತಾಳಿ. ಅಲ್ಲಿಯವರೆಗೆ ನೀವಿನ್ನೂ ಕಾನೂನಿನ ಅಪ್ಪ-ಅಮ್ಮ ಅಲ್ಲ. ಅವಸರದಲ್ಲಿ ರಿಜಿಸ್ಟರಿನಲ್ಲಿ ಬರೆಸಿದ ಹೆಸರು ಮುಂದೆ ಜನನ ಪ್ರಮಾಣಪತ್ರದ ಜೊತೆ ತಾಳೆಯಾಗದೆ ಶಾಲೆಯಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ ಕಾಡುತ್ತದೆ. ಕಥೋಲಿಕ ಧರ್ಮಸಭೆಯ ಕಾನೂನು (ವಿಧಿ 110) ನಾಗರಿಕ ಕಾನೂನಿನಂತೆ ದತ್ತು ಪಡೆದ ಮಗುವನ್ನು ದತ್ತು ಪಡೆದವರ ಮಗುವೆಂದೇ ಎಣಿಸುತ್ತದೆ. ಆಸ್ತಿಯ ಮಾತೂ ಹಾಗೆಯೇ: ಆದೇಶ ಜಾರಿಯಾದ ದಿನದಿಂದ, ಉಯಿಲು ಇಲ್ಲದಿದ್ದರೂ ಹೆತ್ತ ಮಗುವಿನಷ್ಟೇ ಹಕ್ಕು. ನಂತರ 2 ವರ್ಷ, 6 ತಿಂಗಳಿಗೊಮ್ಮೆ ದತ್ತು ಸಂಸ್ಥೆಯವರು ಬಂದು ನೋಡುತ್ತಾರೆ.

ದತ್ತು ಹೋಗದ ಮಕ್ಕಳು

ಅನಾಥಾಶ್ರಮಕ್ಕೆ ಕ್ರಿಸ್‌ಮಸ್ ಕೇಕ್ ಕಳಿಸುವುದು ಸುಲಭ. ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ, ಬಡತನಕ್ಕೆ ಅಲ್ಲಿ ಬಿಟ್ಟಿದ್ದಾರೆ. ಅಂಥ ಮನೆಗಳಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ ₹4,000 ಸಿಗುತ್ತದೆ. ಆದಾಯ ಮಿತಿ ವರ್ಷಕ್ಕೆ ಹಳ್ಳಿಯಲ್ಲಿ ₹72,000, ಉಳಿದ ಕಡೆ ₹96,000. ಸಭೆಯ ಇಬ್ಬರು ವಿಧವೆಯೊಬ್ಬಳ ಕಾಗದಪತ್ರ ಹೊಂದಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ದರೆ, ಅವಳ ಮಗು ಆಶ್ರಮದ ಬದಲು ಅವಳ ಮಗ್ಗುಲಲ್ಲೇ ಮಲಗುತ್ತದೆ.