ಚಿಂದಿ ಬಟ್ಟೆಯ ಕುಶನ್: ಕಾಲಿಗಲ್ಲ, ಬೆನ್ನಿಗೆ

ಗೋಣಿ ಬಟ್ಟೆಯ ಸಂದುಗಳಲ್ಲಿ ಹಳೇ ಬಟ್ಟೆಯ ಪಟ್ಟಿಗಳನ್ನು ಎಳೆದು ನೆಲಹಾಸು ಮಾಡುವುದು ಹಳೇ ಕೈಕೆಲಸ. ಅದೇ ಕೆಲಸದಲ್ಲಿ ಕುಶನ್ ಕವರ್ ಕೂಡ ಮಾಡಬಹುದು. ನಾನು ಈಗ ಜಾಸ್ತಿ ಮಾಡುವುದು ಅದನ್ನೇ. ಗೋಣಿ ಅದೇ, ಕೊಕ್ಕೆ ಅದೇ, ಬಟ್ಟೆಯೂ ಅದೇ. ಆದರೆ ಲೆಕ್ಕ ಮಾತ್ರ ಬೇರೆ. ನೆಲಹಾಸನ್ನು ತುಳಿಯುತ್ತೇವೆ, ಕುಶನ್‌ಗೆ ಬೆನ್ನು ಕೊಡುತ್ತೇವೆ, ಕೆಲವೊಮ್ಮೆ ಕೆನ್ನೆ ಒತ್ತಿ ಮಲಗುತ್ತೇವೆ. ಯಾವ ಬಟ್ಟೆ, ಎಷ್ಟು ಅಗಲ, ಎಷ್ಟು ಒತ್ತಾಗಿ ಎನ್ನುವುದನ್ನೆಲ್ಲ ನಾನು ಒರಗುವವರ ಕಡೆಯಿಂದಲೇ ಯೋಚಿಸುತ್ತೇನೆ.

ಬಟ್ಟೆ ಆರಿಸುವಾಗ ಬಣ್ಣ ನೋಡುವ ಮೊದಲು ಅದನ್ನು ಕೆನ್ನೆಗೆ ಉಜ್ಜಿ ನೋಡುತ್ತೇನೆ. ಚುಚ್ಚಿದರೆ, ಎಷ್ಟೇ ಚೆಂದ ಇದ್ದರೂ ಅದು ನೆಲಹಾಸಿನ ಗುಡ್ಡೆಗೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಳೇ ಟೀ ಶರ್ಟ್. ಒಗೆದು ಒಗೆದು ಮೆತ್ತಗಾಗಿರುತ್ತದೆ, ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಹಳೇ ಹತ್ತಿ ಬೆಡ್‌ಶೀಟ್ ಕೂಡ ಮೃದುವೇ, ಆದರೆ ಅಂಚಿನಲ್ಲಿ ಎಳೆ ಉದುರುತ್ತದೆ. ಸ್ವಲ್ಪ ದಿನ ಉದುರಿ ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಕಪ್ಪು ಬಟ್ಟೆ ಹಾಕಿಕೊಂಡು ಅದಕ್ಕೆ ಒರಗುವವರು ಅಷ್ಟು ದಿನ ಸುಮ್ಮನಿರಬೇಕಷ್ಟೆ. ಉಣ್ಣೆ ಸ್ವೆಟರ್ ಸಿಕ್ಕಿದರೆ ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿ ಒಗೆಯುತ್ತೇನೆ. ಸ್ವೆಟರ್ ಕುಗ್ಗಿ ದಪ್ಪ ಕಂಬಳಿಯಂತಾಗುತ್ತದೆ. ಬೇರೆ ಹೊತ್ತಿನಲ್ಲಾದರೆ ಅಯ್ಯೋ ಅನ್ನುತ್ತಿದ್ದೆವು, ಇಲ್ಲಿ ಅದೇ ಬೇಕು. ಕುಗ್ಗಿದ ಉಣ್ಣೆಯನ್ನು ಹೇಗೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಅಕ್ರಿಲಿಕ್ ಸ್ವೆಟರ್ ಹೀಗೆ ಕುಗ್ಗುವುದಿಲ್ಲ, ಹಾಗಾಗಿ ಲೇಬಲ್ ನೋಡಿ. ಜೀನ್ಸ್ ಗಟ್ಟಿ. ಅದನ್ನು ಅಂಚಿನ ಒಂದೆರಡು ಸಾಲಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಮಿಣಿಮಿಣಿ ಚಮಕಿ ಇರುವ ಬಟ್ಟೆ ಬೇಡವೇ ಬೇಡ.

ಕೆಂಪು, ಕಪ್ಪು, ಕಡು ನೀಲಿ ಬಟ್ಟೆಗಳಿಗೆ ಇನ್ನೊಂದು ಪರೀಕ್ಷೆ ಇದೆ. ಒಂದು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ, ಒಣಗಿದ ಮೇಲೆ ಬಿಡಿಸಿ ನೋಡಿ. ಕಲೆ ಬಿದ್ದಿದ್ದರೆ ಅದು ಬಣ್ಣ ಬಿಡುವುದು ನಿಲ್ಲಿಸುವವರೆಗೆ ಒಗೆಯಬೇಕು, ಇಲ್ಲವೇ ಕೈಬಿಡಬೇಕು. ಕುಶನ್ ಆದ ಮೇಲೆ ಬಿಳಿ ಪಕ್ಕದಲ್ಲಿ ಕೆಂಪು ಹರಿದರೆ ತೆಗೆಯುವುದು ಕಷ್ಟ.

ಟೀ ಶರ್ಟ್ ಕತ್ತರಿಸುವುದರಲ್ಲಿ ಒಂದು ಉಪಾಯ ಇದೆ. ಕಂಕುಳ ಕೆಳಗೆ ಅಡ್ಡಕ್ಕೆ ಕತ್ತರಿಸಿ, ಕೆಳಗಿನ ಮಡಿಕೆ ಹೊಲಿಗೆಯನ್ನೂ ತೆಗೆದುಬಿಡಿ. ಪಕ್ಕದಲ್ಲಿ ಹೊಲಿಗೆ ಇಲ್ಲದ ಟೀ ಶರ್ಟ್ ಆದರೆ ಇನ್ನೂ ಒಳ್ಳೆಯದು. ಈಗ ಎರಡೂ ಕಡೆ ತೆರೆದ ಚೀಲದಂಥದ್ದು ಉಳಿಯುತ್ತದೆ. ಅದನ್ನು ಮಟ್ಟವಾಗಿ ಹಾಸಿ, ಒಂದು ಪಕ್ಕದ ಮಡಿಕೆಯನ್ನು ಎತ್ತಿ ಇನ್ನೊಂದು ಪಕ್ಕದ ಕಡೆಗೆ ಮಡಚಿ. ಪೂರ್ತಿ ಸೇರಿಸಬೇಡಿ, 4 ಸೆಂಟಿಮೀಟರ್ ಬಿಡಿ. ಆಮೇಲೆ 2 ಸೆಂಟಿಮೀಟರ್ ಅಗಲಕ್ಕೆ ಅಡ್ಡಡ್ಡ ಕತ್ತರಿಸುತ್ತಾ ಹೋಗಿ. ಬಿಟ್ಟ ಆ 4 ಸೆಂಟಿಮೀಟರಿಗೆ ಕತ್ತರಿ ತಾಗಬಾರದು. ಎಲ್ಲ ಕತ್ತರಿಸಿದ ಮೇಲೆ ಆ ಭಾಗವನ್ನು ಬಿಡಿಸಿ ಹರಡಿ, ಈಚೆಯ ಒಂದು ಸೀಳಿನಿಂದ ಆಚೆಯ ಮುಂದಿನ ಸೀಳಿಗೆ ಓರೆಯಾಗಿ ಕತ್ತರಿಸಿ. ಇಡೀ ಟೀ ಶರ್ಟ್ ಒಂದೇ ಉದ್ದದ ಪಟ್ಟಿಯಾಗಿ ಬರುತ್ತದೆ, ಗಂಟೇ ಇಲ್ಲ. ಈಗ ಅದನ್ನು ಕೈಯಲ್ಲಿ ಹಿಡಿದು ಜಗ್ಗಿ. ಅಂಚುಗಳು ಸುರುಳಿ ಸುತ್ತಿಕೊಂಡು ಪಟ್ಟಿ ದುಂಡಗಾಗುತ್ತದೆ. ಹೀಗೆ ಅಡ್ಡಕ್ಕೆ ಕತ್ತರಿಸಿದಾಗ ಅದು ಬಟ್ಟೆಯ ಮುಂಬದಿಯ ಕಡೆಗೆ ಸುತ್ತಿಕೊಳ್ಳುತ್ತದೆ. ಅಂದರೆ ಮುಂಬದಿ ಒಳಗೆ ಅಡಗುತ್ತದೆ, ಹೊರಗೆ ಕಾಣುವುದು ಹಿಂಬದಿಯ ಬಣ್ಣ. ಹಾಗಾಗಿ ಬಣ್ಣ ಹೊಂದಿಸುವಾಗ ಟೀ ಶರ್ಟನ್ನು ಒಳಮಗ್ಗಲು ಮಾಡಿ ನೋಡಿ. ರಬ್ಬರಿನಂತೆ ಅಂಟಿರುವ ಚಿತ್ರ ಇದ್ದರೆ ಆ ಭಾಗ ಸುರುಳಿಯಾಗುವುದಿಲ್ಲ, ತೆಗೆದುಬಿಡುತ್ತೇನೆ.

ಈ ಜಗ್ಗುವ ಬಟ್ಟೆಯ ಗುಣವನ್ನು ಬಳಸಿಕೊಂಡವರು ಬಹಳ ಹಿಂದೆಯೇ ಇದ್ದರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಕರಾವಳಿಯಲ್ಲಿ ವೈದ್ಯ ವಿಲ್ಫ್ರೆಡ್ ಗ್ರೆನ್‌ಫೆಲ್ ಕಟ್ಟಿದ ಸೇವಾಸಂಸ್ಥೆ ಜನರಿಂದ ಹಳೇ ರೇಷ್ಮೆ ಕಾಲುಚೀಲಗಳನ್ನು ಕೇಳಿ ತರಿಸಿಕೊಳ್ಳುತ್ತಿತ್ತು. ಅಲ್ಲಿನ ಹೆಂಗಸರು ಅವನ್ನೇ ಸಣ್ಣಗೆ ಪಟ್ಟಿ ಮಾಡಿ ಗೋಣಿಯಲ್ಲಿ ಎಳೆದು ಚಿತ್ರದ ಹಾಸುಗಳನ್ನು ಮಾಡುತ್ತಿದ್ದರು. ಅವರ ಕೆಲಸದ ಚಿತ್ರಗಳನ್ನು ನೋಡಿದರೆ ನಮ್ಮ 2 ಸೆಂಟಿಮೀಟರ್ ಪಟ್ಟಿ ಹಗ್ಗದಷ್ಟು ದಪ್ಪ ಅನ್ನಿಸುತ್ತದೆ.

ತಳಕ್ಕೆ ಗೋಣಿ ಬಟ್ಟೆ. 40 ಸೆಂಟಿಮೀಟರ್ ಚೌಕದ ಕುಶನ್‌ಗೆ ಸುತ್ತ 8 ಸೆಂಟಿಮೀಟರ್ ಬಿಟ್ಟು 56 ಸೆಂಟಿಮೀಟರ್ ಚೌಕ ಕತ್ತರಿಸುತ್ತೇನೆ. ಕತ್ತರಿಸಿದ ಕೂಡಲೇ ಅಂಚು ಮಡಚಿ ಮೆಷಿನ್‌ನಲ್ಲಿ ಅಂಕುಡೊಂಕು ಹೊಲಿಗೆ ಹಾಕಿಬಿಡಬೇಕು. ಆಮೇಲೆ ಹಾಕೋಣ ಅಂದರೆ ಅಷ್ಟರಲ್ಲಿ ಗೋಣಿ ಅರ್ಧ ನಾರಾಗಿ ಉದುರಿರುತ್ತದೆ. ಗೋಣಿಚೀಲವನ್ನೇ ಬಳಸುವುದಾದರೆ ಬೆಳಕಿಗೆ ಹಿಡಿದು ನೋಡಿ. ಎಳೆಗಳು ಸಮ ಅಂತರದಲ್ಲಿ, ಕೊಕ್ಕೆ ತೂರುವಷ್ಟು ಸಡಿಲವಾಗಿ ಇರಬೇಕು. ಬಿಸಿಲು ತಿಂದು ಕಂದಿದ ಚೀಲ ಬೇಡ, ಎಳೆ ಪಟಪಟ ಕಡಿದುಹೋಗುತ್ತದೆ. ಚಿತ್ರವನ್ನು ಗೋಣಿಯ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದು, ಹಳೇ ಫೋಟೋ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಸಾಕು. ಸಣ್ಣ ಸಣ್ಣ ಚಿತ್ರ ಈ ಕೆಲಸದಲ್ಲಿ ನಿಲ್ಲುವುದಿಲ್ಲ. ವೃತ್ತ, ಅಗಲ ಪಟ್ಟೆ, ಒಂದು ದೊಡ್ಡ ಎಲೆ, ಇಷ್ಟು ಸಾಕು.

ಕೊಕ್ಕೆ ಅಂದರೆ ದಪ್ಪ ಕ್ರೋಶಾ ಕಡ್ಡಿಯಂಥದ್ದು, ಮರದ ಹಿಡಿ ಇದ್ದರೆ ಅಂಗೈ ನೋಯುವುದಿಲ್ಲ. ಎಡಗೈ ಗೋಣಿಯ ಕೆಳಗೆ ಪಟ್ಟಿ ಹಿಡಿದಿರುತ್ತದೆ. ಬಲಗೈ ಮೇಲಿನಿಂದ ಕೊಕ್ಕೆ ಇಳಿಸಿ ಪಟ್ಟಿಯ ತುದಿಯನ್ನು ಮೇಲಕ್ಕೆ ಎಳೆಯುತ್ತದೆ. ಮೊದಲ ತುದಿ ಮೇಲೆಯೇ ನಿಲ್ಲಲಿ. ಎರಡು ಮೂರು ಎಳೆ ಬಿಟ್ಟು ಮತ್ತೆ ಇಳಿಸಿ, ಒಂದು ಸೆಂಟಿಮೀಟರ್ ಎತ್ತರದ ಕುಣಿಕೆ ಎಳೆಯಿರಿ. ಎಳೆಯುವಾಗ ಕೊಕ್ಕೆಯನ್ನು ಹಿಂದಿನ ಕುಣಿಕೆಯ ಕಡೆಗೆ ಸ್ವಲ್ಪ ವಾಲಿಸಬೇಕು, ಆಗ ಹಿಂದಿನದು ಬಿಚ್ಚಿಹೋಗುವುದಿಲ್ಲ. ಪಟ್ಟಿ ಮುಗಿದಾಗ ತುದಿಯನ್ನು ಮೇಲಕ್ಕೆ ತಂದು, ಹೊಸ ಪಟ್ಟಿಯ ತುದಿಯನ್ನೂ ಅದೇ ರಂಧ್ರದಿಂದ ಮೇಲೆ ತಂದು, ಎರಡನ್ನೂ ಕುಣಿಕೆಯ ಮಟ್ಟಕ್ಕೆ ಕತ್ತರಿಸಿ. ಎಲ್ಲೂ ಗಂಟು ಹಾಕಬೇಡಿ. ಬೆನ್ನಿಗೆ ಒತ್ತುವುದೇ ಗಂಟು.

ಗಂಟೇ ಇಲ್ಲದಿದ್ದರೆ ಇದು ನಿಲ್ಲುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಗೋಣಿಯ ಎಳೆ ಪಕ್ಕಕ್ಕೆ ಸರಿದು ಪಟ್ಟಿಗೆ ಜಾಗ ಕೊಡುತ್ತದೆ, ಪಕ್ಕದ ಕುಣಿಕೆ ಬಂದಾಗ ಮತ್ತೆ ಬಿಗಿಯುತ್ತದೆ. ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ಆದರೆ ಆ ಮಾತು ಕೇಳಿ ಸುಮ್ನೆ ಎಲ್ಲ ರಂಧ್ರಕ್ಕೂ ತುರುಕಬಾರದು. ನೆಲಹಾಸಿಗೆ ಒತ್ತಾಗಿದ್ದಷ್ಟೂ ಬಾಳಿಕೆ. ಕುಶನ್‌ಗೆ ಅಷ್ಟು ತುರುಕಿದರೆ ಗೋಣಿ ಹಲಗೆಯಂತೆ ಸೆಟೆದು ಬಟ್ಟಲಿನ ಆಕಾರಕ್ಕೆ ಬಾಗುತ್ತದೆ. ನನ್ನ ಅಳತೆ ಹೀಗೆ: ಕೆಲಸವನ್ನು ಚೌಕಟ್ಟಿನಿಂದ ಬಿಡಿಸಿ ಅರ್ಧಕ್ಕೆ ಮಡಚಿದರೆ ತೊಂದರೆ ಇಲ್ಲದೆ ಮಡಚಬೇಕು, ಮಡಚಿದ ಕಡೆ ಗೋಣಿ ತುಸುವೇ ಕಾಣಬೇಕು.

ಬಟ್ಟೆ ಎಷ್ಟು ಬೇಕು ಅನ್ನುವುದಕ್ಕೆ ಒಬ್ಬೊಬ್ಬರ ಕೈಗೆ ಒಂದೊಂದು ಲೆಕ್ಕ. 10 ಸೆಂಟಿಮೀಟರ್ ಚೌಕ ಮಾಡಿ, ಎಷ್ಟು ಮೀಟರ್ ಪಟ್ಟಿ ಹೋಯಿತು ನೋಡಿ, 16ರಿಂದ ಗುಣಿಸಿ. ನನ್ನ ಕೈಗೆ ದೊಡ್ಡವರ ಟೀ ಶರ್ಟ್ ನಾಲ್ಕೈದು ಬೇಕಾಗುತ್ತದೆ.

ಕುಣಿಕೆಯ ಬದಲು 6 ಸೆಂಟಿಮೀಟರಿನ ತುಂಡುಗಳನ್ನು ಒಂದು ರಂಧ್ರದಲ್ಲಿ ಇಳಿಸಿ ಪಕ್ಕದಲ್ಲಿ ಎಬ್ಬಿಸಿದರೆ ಜೂಲು ಜೂಲಾಗಿ ಬರುತ್ತದೆ. ನೋಡಲು ಚೆಂದ, ಬೇಗ ಆಗುತ್ತದೆ, ಮಕ್ಕಳು ಬಿಡುವುದೇ ಇಲ್ಲ. ಆದರೆ ಅಂಬೆಗಾಲಿಡುವ ಮಗು ಇರುವ ಕಡೆ ಬೇಡ. ಎಳೆದರೆ ತುಂಡು ಕಿತ್ತು ಬರುತ್ತದೆ, ಕೈಗೆ ಬಂದದ್ದು ಬಾಯಿಗೆ ಹೋಗುತ್ತದೆ ಅಲ್ವಾ?

ಹಿಂಬದಿಗೆ ಗಟ್ಟಿ ಹತ್ತಿ ಬಟ್ಟೆಯ ಎರಡು ತುಂಡು, ಒಂದರ ಮೇಲೊಂದು 12 ಸೆಂಟಿಮೀಟರ್ ಬರುವಂತೆ. ಜಿಪ್ ಬೇಕಿಲ್ಲ. ಮುಂಬದಿ ಭಾರ, ಹಿಂಬದಿ ಹಗುರ, ಹಾಗಾಗಿ ಹೊಲಿಗೆ ಸಾಲನ್ನು ಕೊನೆಯ ಕುಣಿಕೆಗೆ ತಾಗಿದಂತೆ ಎರಡು ಸಲ ಓಡಿಸುತ್ತೇನೆ. ದೂರ ಹೊಲಿದರೆ ಅಂಚಿನಲ್ಲಿ ಗೋಣಿ ಹಲ್ಲು ಕಿರಿಯುತ್ತದೆ. ಒಳಗಿನ ದಿಂಬು ಕವರಿಗಿಂತ 4 ಸೆಂಟಿಮೀಟರ್ ದೊಡ್ಡದಿದ್ದರೆ ಮೂಲೆಗಳು ತುಂಬಿ ಕೂರುತ್ತವೆ. ಉಳಿದ ಚೂರುಗಳನ್ನೇ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಬೆರಳುಗುರಿನಷ್ಟು ಸಣ್ಣಗೆ ಕತ್ತರಿಸಿದರೆ ಸರಿ, ಇಲ್ಲದಿದ್ದರೆ ಉಂಡೆ ಉಂಡೆಯಾಗುತ್ತದೆ. ಸಣ್ಣಗೆ ಕತ್ತರಿಸಿದರೂ ಭಾರ ಜಾಸ್ತಿಯೇ. ನೆಲದ ಮೇಲೆ ಹಾಕಿ ಕೂರುವ ಕುಶನ್‌ಗೆ ಮಾತ್ರ ನಾನು ಹಾಗೆ ಮಾಡುತ್ತೇನೆ.

ಒಗೆಯಲು ಮೆಷಿನ್‌ಗೆ ಹಾಕುವುದಿಲ್ಲ. ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ, ಸೆಣಬು ಅದಕ್ಕೆ ತದ್ವಿರುದ್ಧ, ಒದ್ದೆಯಲ್ಲಿ ಬಲ ಕಳೆದುಕೊಳ್ಳುತ್ತದೆ. ತಣ್ಣೀರಿನಲ್ಲಿ ಕೈಯಿಂದ ಅದುಮಿ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಮಟ್ಟವಾಗಿ ಹಾಸಿ ಒಣಗಿಸುತ್ತೇನೆ.

ಕೆಲವರು ಗೋಣಿಯ ಹಿಂದೆ ರಬ್ಬರ್ ಅಂಟು ಬಳಿಯುತ್ತಾರೆ. ಕುಣಿಕೆ ಜಾರದಿರಲಿ ಎಂದು. ನೆಲಹಾಸಿಗೆ ಅದು ಆಗಬಹುದು. ಕುಶನ್‌ಗೆ ಬಳಿದರೆ ಬಟ್ಟೆ ಸೆಟೆದುಕೊಳ್ಳುತ್ತದೆ, ಗಾಳಿಯಾಡುವುದಿಲ್ಲ, ಆಮೇಲೆ ರಿಪೇರಿ ಅಂತೂ ಆಗುವುದೇ ಇಲ್ಲ. ಅಂಟಿಲ್ಲದಿದ್ದರೆ, ಅಂಗಿಯ ಗುಂಡಿಗೋ ಬಳೆಗೋ ಸಿಕ್ಕಿ ಒಂದು ಕುಣಿಕೆ ಮೇಲೆದ್ದಾಗ ಕತ್ತರಿಸಬೇಕಿಲ್ಲ. ಹಿಂದಿನ ತೆರವಿನಿಂದ ಕೈ ಹಾಕಿ, ಆ ಪಟ್ಟಿಯನ್ನು ಒಳಗಿನಿಂದ ಎಳೆದು, ಪಕ್ಕದ ಕುಣಿಕೆಗಳ ಮಟ್ಟಕ್ಕೆ ತಂದರೆ ಸರಿಹೋಗುತ್ತದೆ.