ಹಿಂಜರಿತದ ದಿನಗಳಲ್ಲಿ ಚಾರ್ಟ್ ಏರಿದ ಹೊಸ ಹಾಡನ್ನು ತೂಗುವ ಬಗೆ

1981ರ ಜುಲೈ 11ರ ವಾರ ಬಿಡಿ ಹಾಡುಗಳ ಮಾರಾಟವನ್ನು ವಾರವಾರ ಎಣಿಸುವ ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ನಲ್ಲಿ ‘ದಿ ಸ್ಪೆಷಲ್ಸ್’ ತಂಡದ ‘ಘೋಸ್ಟ್ ಟೌನ್’ ಮೊದಲ ಸ್ಥಾನಕ್ಕೆ ಬಂತು. ಬಾಗಿಲು ಮುಚ್ಚಿದ ಕ್ಲಬ್ಬುಗಳು, ಕೆಲಸ ಸಿಗದ ಹುಡುಗರು, ಬಿಕೋ ಎನ್ನುವ ಊರು ಆ ಹಾಡಿನ ವಸ್ತು. ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ ಆಗ 25 ಲಕ್ಷ ದಾಟಿತ್ತು. ಹಾಡು ಮೇಲೇರುತ್ತಿದ್ದ ದಿನಗಳಲ್ಲೇ ಲಿವರ್‌ಪೂಲ್‌ನ ಟಾಕ್ಸ್‌ಟೆತ್‌ನಲ್ಲಿ ಗಲಭೆ ನಡೆದಿತ್ತು. ಕಷ್ಟಕಾಲದ ಕನ್ನಡಿಯೆಂದು ಈ ಹಾಡನ್ನು ಇಂದಿಗೂ ತೋರಿಸುತ್ತಾರೆ. ಆದರೆ ಮೂರು ವಾರಗಳ ಬಳಿಕ, ಆಗಸ್ಟ್ 1ರಂದು, ಅದನ್ನು ಕೆಳಗಿಳಿಸಿ ಮುಂದಿನ ನಾಲ್ಕು ವಾರ ಅಲ್ಲಿ ಕುಳಿತದ್ದು ಷೇಕಿನ್ ಸ್ಟೀವನ್ಸ್ ಹಾಡಿದ ‘ಗ್ರೀನ್ ಡೋರ್’. ಅದು 1956ರ ಅಮೆರಿಕನ್ ಹಾಡೊಂದನ್ನು ಉಲ್ಲಾಸದಿಂದ ಮರಳಿ ಹಾಡಿದ್ದು. ಆ ಮೂರು ವಾರಗಳಲ್ಲಿ ನಿರುದ್ಯೋಗವೇನೂ ಕರಗಿಹೋಗಿರಲಿಲ್ಲ.

ಆರ್ಥಿಕ ಹಿಂಜರಿತದ ಕಾಲದಲ್ಲಿ ಹೊಸ ಸಿಂಗಲ್ ಒಂದನ್ನು ತೂಗಿ ನೋಡುವವರು ಮೊದಲು ನೆನಪಿಡಬೇಕಾದದ್ದು ಇದನ್ನೇ. ಚಾರ್ಟ್ ಎನ್ನುವುದು ಮೂಲತಃ ವ್ಯಾಪಾರದ ಲೆಕ್ಕ. ಅದರಲ್ಲಿ ಜನರ ಮನಸ್ಸು ಕಾಣಿಸುವುದೇ ಇಲ್ಲವೆಂದಲ್ಲ. ಆದರೆ ಬೆಲೆ, ಅಂಗಡಿ, ಎಣಿಕೆಯ ನಿಯಮ, ಬಿಡುಗಡೆಯ ಸಮಯ ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವಷ್ಟೇ ಕಾಣಿಸುತ್ತದೆ. ಆ ಕಳೆಯುವ ಕೆಲಸವನ್ನು ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಎರಡು ದಿನಾಂಕಗಳನ್ನು ಬರೆದುಕೊಳ್ಳಿ: ಹಿಂಜರಿತ ಶುರುವಾದದ್ದು ಯಾವಾಗ, ಹಾಡು ತಯಾರಾದದ್ದು ಯಾವಾಗ. ಇವೆರಡನ್ನೂ ಊಹೆಗೆ ಬಿಡಬಾರದು. ಅಮೆರಿಕದಲ್ಲಿ ಹಿಂಜರಿತದ ಆರಂಭ ಮತ್ತು ಅಂತ್ಯವನ್ನು ಗುರುತಿಸುವ ‘ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್’ ಸಂಸ್ಥೆ, 2007ರ ಡಿಸೆಂಬರ್‌ನಲ್ಲೇ ಹಿಂಜರಿತ ಆರಂಭವಾಗಿತ್ತೆಂದು ಘೋಷಿಸಿದ್ದು 2008ರ ಡಿಸೆಂಬರ್‌ನಲ್ಲಿ, ಅಂದರೆ ಇಡೀ ಒಂದು ವರ್ಷ ಕಳೆದ ಮೇಲೆ. ಇನ್ನು ಹಾಡಿನ ಕಥೆ. ಲೇಡಿ ಗಾಗಾ ಅವರ ‘ಜಸ್ಟ್ ಡಾನ್ಸ್’ 2009ರ ಜನವರಿಯಲ್ಲಿ ಅಮೆರಿಕದ ಹಾಡುಗಳ ಚಾರ್ಟ್ ಆದ ಬಿಲ್‌ಬೋರ್ಡ್ ಹಾಟ್ 100ರ ತುದಿ ಮುಟ್ಟಿದಾಗ ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲಿದ್ದೆ. ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕಿನ ಕುಸಿತದ ದುಃಖ ಮರೆಯಲೆಂದೇ ಹುಟ್ಟಿದ ಹಾಡು ಇದು ಎಂದು ಗೆಳೆಯರ ಮುಂದೆ ಬಹಳ ಗಂಭೀರವಾಗಿ ವಾದಿಸಿದ್ದೆ. ಲೀಮನ್ ಮುಳುಗಿದ್ದು 2008ರ ಸೆಪ್ಟೆಂಬರ್ 15ರಂದು. ಹಾಡು ಬಿಡುಗಡೆಯಾದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ನನ್ನ ವಾದಕ್ಕೆ ತಳಪಾಯವೇ ಇರಲಿಲ್ಲ. ಹಾಗೆಂದು ಆ ಹಾಡಿಗೂ ಹಿಂಜರಿತಕ್ಕೂ ಸಂಬಂಧವೇ ಇಲ್ಲವೆನ್ನುವುದೂ ಅವಸರದ ಮಾತಾಗುತ್ತದೆ. ಪಟ್ಟಿಯೊಳಗೆ ಬಂದ ಮೇಲೂ ತುದಿ ತಲುಪಲು ಅದು ಇಪ್ಪತ್ತೆರಡು ವಾರ ತೆಗೆದುಕೊಂಡಿತು, ಮತ್ತು ಆ ವಾರಗಳ ನಡುವೆಯೇ ಬ್ಯಾಂಕುಗಳು ಕುಸಿದವು. ಆದ್ದರಿಂದ ಸರಿಯಾದ ಪ್ರಶ್ನೆ ‘ಈ ಹಾಡನ್ನು ಏಕೆ ಬರೆದರು’ ಎಂಬುದಲ್ಲ, ‘ಮೊದಲೇ ಬರೆದಿಟ್ಟಿದ್ದ ಹಾಡನ್ನು ಜನ ಈಗ ಏಕೆ ಕೈಗೆತ್ತಿಕೊಂಡರು’ ಎಂಬುದು. 2020ರಲ್ಲಿಯೂ ಹೀಗೆಯೇ ಆಯಿತು: ದಿ ವೀಕೆಂಡ್ ಅವರ ‘ಬ್ಲೈಂಡಿಂಗ್ ಲೈಟ್ಸ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಲಾಕ್‌ಡೌನ್‌ನ ಏಪ್ರಿಲ್‌ನಲ್ಲಿ, ಹೊರಬಂದದ್ದು ಮಾತ್ರ ಹಿಂದಿನ ವರ್ಷದ ನವೆಂಬರ್‌ನಲ್ಲಿ.

ಅನಂತರ, ಆ ವರ್ಷ ಚಾರ್ಟ್ ಏನನ್ನು ಎಣಿಸುತ್ತಿತ್ತು ಎಂಬುದನ್ನು ತಿಳಿದುಕೊಳ್ಳಿ. ಹೆಚ್ಚಿನ ವಿಮರ್ಶಕರು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಬ್ರಿಟನ್ನಿನ ಚಾರ್ಟ್ 2007ರ ಜನವರಿಯಿಂದ ಅಂಗಡಿಯಲ್ಲಿ ಸಿ.ಡಿ. ಸಿಗದ ಹಾಡಿನ ಡೌನ್‌ಲೋಡನ್ನೂ ಎಣಿಸತೊಡಗಿತು. 2008ರ ನವೆಂಬರ್‌ನಲ್ಲಿ ದಿವಾಳಿಯಾದ ವುಲ್‌ವರ್ತ್ಸ್ ಮಳಿಗೆಗಳು ಮುಂದಿನ ಜನವರಿ ಮೊದಲ ವಾರದೊಳಗೆ 800ಕ್ಕೂ ಹೆಚ್ಚು ಕಡೆ ಬಾಗಿಲು ಹಾಕಿದವು. ಆ ಸಂಸ್ಥೆಯ ವಿತರಣಾ ವಿಭಾಗದಿಂದ ಸಿ.ಡಿ. ತರಿಸಿಕೊಳ್ಳುತ್ತಿದ್ದ ಜ಼ಾವಿ ಎಂಬ ಸಂಗೀತದ ಅಂಗಡಿಗಳ ಸರಣಿಯೂ ಕ್ರಿಸ್‌ಮಸ್ ಹಿಂದಿನ ದಿನ ಕೈಚೆಲ್ಲಿತು. ಊರಿನ ಮುಖ್ಯಬೀದಿಯಲ್ಲಿ ಸಿ.ಡಿ. ಕೊಳ್ಳುತ್ತಿದ್ದ ನಡುವಯಸ್ಸಿನ ಗಿರಾಕಿ ಎಣಿಕೆಯಿಂದ ಜಾರಿದರೆ, ಮನೆಯಲ್ಲೇ ಡೌನ್‌ಲೋಡ್ ಮಾಡುವ ಹುಡುಗ ಹುಡುಗಿಯರ ಪಾಲು ತಾನಾಗಿಯೇ ಹಿಗ್ಗುತ್ತದೆ. ಕುಣಿತದ ಹಾಡುಗಳು ಮೇಲೇರಿದ್ದರಲ್ಲಿ ಜನರ ಮನಃಸ್ಥಿತಿಯ ಪಾಲೆಷ್ಟು, ಕೊಳ್ಳುವವರ ವಯಸ್ಸಿನ ಪಾಲೆಷ್ಟು ಎಂಬುದನ್ನು ಕೇಳಿಕೊಳ್ಳದೆ ಮುಂದೆ ಹೋಗಬಾರದು.

ಬೆಲೆಯದೂ ಇದೇ ಮಾತು. ಐಟ್ಯೂನ್ಸ್ ಅಂಗಡಿಯಲ್ಲಿ ಒಂದು ಹಾಡಿಗೆ 99 ಸೆಂಟ್ ಇದ್ದದ್ದು 2009ರ ಏಪ್ರಿಲ್‌ನಲ್ಲಿ 69 ಸೆಂಟ್, 99 ಸೆಂಟ್, 1.29 ಡಾಲರ್ ಎಂದು ಮೂರು ದರಗಳಾಯಿತು. ಇಡೀ ಆಲ್ಬಮ್ ಕೊಳ್ಳಲು ಹಿಂದೆಮುಂದೆ ನೋಡುವವರು ಒಂದು ಹಾಡಿಗೆ ಡಾಲರ್ ತೆರಲು ಅಷ್ಟೊಂದು ಯೋಚಿಸುವುದಿಲ್ಲ. ಹಾಗಾಗಿ ಕೈ ಬಿಗಿಯಾದ ಕಾಲದಲ್ಲಿ ಸಿಂಗಲ್‌ಗಳ ಮಾರಾಟ ಹೆಚ್ಚಿದ್ದನ್ನು ಕಂಡು ಸಂಗೀತಕ್ಕೆ ಸುಗ್ಗಿ ಬಂತೆಂದು ಭಾವಿಸಬೇಕಾಗಿಲ್ಲ. ಈಗ ಸ್ಟ್ರೀಮಿಂಗ್ ಬಂದ ಮೇಲೆ ಹಾಡಿಗೊಂದು ಬೆಲೆ ಎಂಬುದೇ ಇಲ್ಲ. ಬ್ರಿಟನ್ನಿನಲ್ಲಿ 2018ರಿಂದ ಚಂದಾದಾರರ 100 ಕೇಳ್ಮೆಗಳು ಒಂದು ಮಾರಾಟಕ್ಕೆ ಸಮವಾದರೆ, ಜಾಹೀರಾತಿನ ಜೊತೆ ಬಿಟ್ಟಿಯಾಗಿ ಕೇಳುವವರದು 600 ಬೇಕಾಯಿತು. ಚಂದಾ ಕಟ್ಟಲಾಗದೆ ಬಿಟ್ಟಿ ಸೇವೆಗೆ ಇಳಿದವರ ‘ಮತ’ದ ತೂಕ ಈ ಲೆಕ್ಕದಲ್ಲಿ ಆರನೇ ಒಂದಕ್ಕೆ ಕುಸಿಯಿತು. ಹಿಂಜರಿತಕ್ಕೆ ಹೆಚ್ಚು ಸಿಕ್ಕವರ ದನಿಯೇ ಚಾರ್ಟ್‌ನಲ್ಲಿ ಕಡಿಮೆ ಕೇಳಿಸುವುದು ಸೋಜಿಗವೇ ಸರಿ.

ಮೂರನೆಯದಾಗಿ, ನೆರೆಹೊರೆ. ಒಂದು ಹಾಡನ್ನಷ್ಟೇ ಹಿಡಿದುಕೊಳ್ಳದೆ ಆ ವಾರದ ಮೊದಲ ಹತ್ತನ್ನು, ಸಾಧ್ಯವಾದರೆ ಹಿಂದಿನ ಎರಡು ವರ್ಷಗಳ ಅದೇ ವಾರದ ಹತ್ತನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮನಶ್ಶಾಸ್ತ್ರಜ್ಞರಾದ ಟೆರಿ ಪೆಟಿಜಾನ್ ಮತ್ತು ಡೊನಾಲ್ಡ್ ಸ್ಯಾಕೊ ಅವರು ಬಿಲ್‌ಬೋರ್ಡ್ ಹಾಡುಗಳನ್ನು ಅಧ್ಯಯನ ಮಾಡಿ, ಕಷ್ಟದ ವರ್ಷಗಳಲ್ಲಿ ನಿಧಾನಗತಿಯ, ಅರ್ಥಕ್ಕೆ ಹೆಚ್ಚು ಒತ್ತು ಕೊಡುವ ಹಾಡುಗಳತ್ತ ಒಲವಿರುತ್ತದೆಂದು 2009ರಲ್ಲಿ ಹೇಳಿದರು. ಅದೇ 2009ರಲ್ಲಿ ಹಾಟ್ 100ರ ಮೊದಲ ಸ್ಥಾನವನ್ನು ಬ್ಲ್ಯಾಕ್ ಐಡ್ ಪೀಸ್ ತಂಡ ಎರಡು ಪಾರ್ಟಿ ಹಾಡುಗಳಿಂದ ಸತತ 26 ವಾರ ಹಿಡಿದಿಟ್ಟಿತು. ಹಲವು ದಶಕಗಳ ಸರಾಸರಿಯಿಂದ ಈ ವಾರದ ಹಾಡಿಗೆ ತೀರ್ಪು ಕೊಡಲಾಗದು ಎನ್ನಲು ಇದಕ್ಕಿಂತ ಉತ್ತಮ ಸಾಕ್ಷಿ ಬೇಡ.

ಇಷ್ಟು ಲೆಕ್ಕ ಮುಗಿದ ಮೇಲೆಯೇ ಹಾಡನ್ನು ಕೇಳಲು ಕೂರಬೇಕು. ಕೇಳುವಾಗ ಮೊದಲ ಸಲ ಮಾತುಗಳ ಕಡೆ ಗಮನ ಕೊಡದಿರುವುದು ಒಳ್ಳೆಯದು. ‘ಘೋಸ್ಟ್ ಟೌನ್’ ಅನ್ನು ಹಾಗೆ ಕೇಳಿ ನೋಡಿ. ಸೈರನ್ನಿನ ಸದ್ದು, ಜಾತ್ರೆ ಮುಗಿದ ಬಯಲಿನಲ್ಲಿ ಯಾರೋ ನುಡಿಸುತ್ತಿರುವಂತೆ ತೇಲುವ ಆರ್ಗನ್, ಅದರ ಕೆಳಗೆ ಅವಸರವಿಲ್ಲದ ರೆಗ್ಗೆ ಬೇಸ್, ನಡುವೆ ರಿಕೊ ರೋಡ್ರಿಗಸ್ ಅವರ ಟ್ರೊಂಬೋನ್. ಒಂದು ಪದವೂ ತಿಳಿಯದಿದ್ದರೂ ಊರು ಖಾಲಿಯಾಗಿದೆಯೆಂದು ಗೊತ್ತಾಗುತ್ತದೆ. ಎರಡನೆಯ ಸಲ ಮಾತುಗಳಲ್ಲಿ ದುಡ್ಡು ಎಲ್ಲಿದೆಯೆಂದು ಹುಡುಕಿ. 2009ರಲ್ಲಿ ಬಿಡುಗಡೆಯಾಗಿ ಹಾಟ್ 100ರ ತುದಿಯಲ್ಲಿ ಒಂಬತ್ತು ವಾರ ನಿಂತ ಕೆಶಾ ಅವರ ‘ಟಿಕ್ ಟಾಕ್’ ಬರೀ ಮೋಜಿನ ಹಾಡೆಂದೇ ಹೆಸರಾದದ್ದು. ಆದರೆ ಅದರ ನಡುವೆ ತನ್ನ ಜೇಬಿನಲ್ಲಿ ಕಾಸಿಲ್ಲ, ಆದರೂ ಬಂದಾಗಿದೆ ಎಂಬ ಅರ್ಥದ ಮಾತೊಂದು ತಣ್ಣಗೆ ನುಸುಳಿ ಹೋಗುತ್ತದೆ. ಆಗ ತಮ್ಮ ಹೆಸರಿನಲ್ಲಿಯೇ ಡಾಲರ್ ಚಿಹ್ನೆ ಇಟ್ಟುಕೊಂಡಿದ್ದ ಗಾಯಕಿಯ ಬಾಯಲ್ಲಿ ಆ ಮಾತಿಗೆ ಒಂದು ಕುಹಕವೂ ಕೂಡಿಕೊಳ್ಳುತ್ತದೆ. ಹಿಂಜರಿತ ಪಲ್ಲವಿಗಿಂತ ಹೆಚ್ಚಾಗಿ ಚರಣದಲ್ಲಿ ಅಡಗಿರುವುದುಂಟು.

ಕೋಪದ ಹಾಡು ಕಂಡಾಗ ಇನ್ನಷ್ಟು ಎಚ್ಚರ ಬೇಕು. 2009ರ ಕ್ರಿಸ್‌ಮಸ್ ವಾರ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದದ್ದು ‘ರೇಜ್ ಅಗೇನ್ಸ್ಟ್ ದ ಮೆಷೀನ್’ ತಂಡದ 1992ರ ಸಿಡುಕಿನ ಹಾಡು. ಮಾರಾಟ ಐದು ಲಕ್ಷ ದಾಟಿತ್ತು. ನಿರುದ್ಯೋಗದ ವರ್ಷದಲ್ಲಿ ವ್ಯವಸ್ಥೆಯ ವಿರುದ್ಧ ಜನಾಕ್ರೋಶ ಎಂದು ಬರೆಯಲು ಕೈ ತುರಿಸುತ್ತದೆ. ನಿಜದಲ್ಲಿ ಅದು, ವರ್ಷವರ್ಷವೂ ಟಿ.ವಿ. ಗಾಯನ ಸ್ಪರ್ಧೆಯ ವಿಜೇತರೇ ಆ ಸ್ಥಾನ ಗೆಲ್ಲುತ್ತಿದ್ದುದಕ್ಕೆ ಬೇಸತ್ತ ದಂಪತಿ ಫೇಸ್‌ಬುಕ್‌ನಲ್ಲಿ ಶುರುಮಾಡಿದ ಅಭಿಯಾನದ ಫಲ. ಕೋಪವೇನೋ ಇತ್ತು, ಆದರೆ ಅದು ಸ್ಪರ್ಧೆಯ ಮೇಲಿನ ಕೋಪ.

ತೀರ್ಪು ಬರೆಯುವಾಗ ಪುಟದ ನಡುವೆ ಗೆರೆ ಎಳೆದು, ಹಾಡು ಚೆನ್ನಾಗಿದೆಯೇ ಎಂಬುದನ್ನು ಎಡಕ್ಕೆ, ಕಾಲಕ್ಕೆ ಏನಾದರೂ ಹೇಳುತ್ತಿದೆಯೇ ಎಂಬುದನ್ನು ಬಲಕ್ಕೆ ಇಡಿ. ಬಡತನವನ್ನು ಹಾಡಿದ ಮಾತ್ರಕ್ಕೆ ಕಳಪೆ ರಾಗ ಒಳ್ಳೆಯದಾಗದು. ಬಲಗಡೆಯ ಭಾಗವನ್ನು ಮೊದಲ ವಾರವೇ ತುಂಬಬೇಡಿ: ಒಮ್ಮೆಲೇ ತುದಿಗೆ ಹಾರಿ ಮರುವಾರ ಬಿದ್ದ ಹಾಡಿನ ಹಿಂದೆ ಅಭಿಮಾನಿಗಳ ಒತ್ತಾಸೆ ಇದ್ದೀತು, ಮೆಲ್ಲನೆ ಹತ್ತಿದ ಹಾಡಿನ ಹಿಂದೆ ಕೇಳಿ ಮೆಚ್ಚಿದವರು ಇದ್ದಾರು.

ಕನ್ನಡದ ಹಾಡುಗಳಿಗೆ ಇದೇ ವಿಧಾನವನ್ನು ಹಚ್ಚುವವರು ದಿನಾಂಕದ ವಿಷಯದಲ್ಲಿ ಇಮ್ಮಡಿ ಎಚ್ಚರ ವಹಿಸಬೇಕಾಗುತ್ತದೆ. ನಮ್ಮಲ್ಲಿ ಜನಪ್ರಿಯವಾಗುವ ಹಾಡುಗಳಲ್ಲಿ ಹೆಚ್ಚಿನವು ಸಿನಿಮಾದವು. ಸನ್ನಿವೇಶ ಕೇಳಿ, ರಾಗ ಕೂಡಿಸಿ, ಸಾಹಿತ್ಯ ಬರೆಸಿ, ಚಿತ್ರೀಕರಣ ಮುಗಿಸಿ, ಬಿಡುಗಡೆಯ ಮುಹೂರ್ತಕ್ಕೆ ಕಾದು ಹಾಡು ಹೊರಬರುವಷ್ಟರಲ್ಲಿ ಅದನ್ನು ಬರೆಸಿದ ಕಾಲವೇ ಬೇರೆಯಾಗಿರಬಹುದು.