ಮಳೆಗಾಲದ ಜಗಲಿಗೆ ಹಾಳೆ, ಕೆಮ್ಮಣ್ಣು ಮತ್ತು ಗಂಜಿ

ಆರಿದ್ರಾ ಮಳೆ ಹಿಡಿಯಿತೆಂದರೆ ಶಿರಸಿ ಸುತ್ತಲಿನ ನಮ್ಮ ಊರುಗಳಲ್ಲಿ ಮಕ್ಕಳು ಅಂಗಳಕ್ಕೆ ಇಳಿಯುವಂತಿಲ್ಲ. ರಜೆ ಕೊಟ್ಟ ದಿನ ಮೂರರಿಂದ ಆರು ವರ್ಷದ ನಾಲ್ಕೈದು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಮೊಮ್ಮಗಳು ಅವರಿಗೆಲ್ಲ ಮುಂದಾಳು. ಬಣ್ಣ ಬಳಿಯಲು ನಾನು ಅವರಿಗೆ ಕಾಗದ ಕೊಡುವುದಿಲ್ಲ, ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಪೊರೆ, ಕೊಡುತ್ತೇನೆ. ಈ ವಯಸ್ಸಿನ ಮಗು ಕುಂಚವನ್ನು ಒತ್ತಿ ಉಜ್ಜುತ್ತದೆ, ಒಂದೇ ಜಾಗದಲ್ಲಿ ಹತ್ತು ಸಲ ಬಳಿಯುತ್ತದೆ. ನೋಟ್‌ಬುಕ್ಕಿನ ಕಾಗದ ಎರಡನೆಯ ಸಲಕ್ಕೇ ಹರಿದು ಮಗು ಅಳುತ್ತದೆ. ಹಾಳೆ ಎಷ್ಟು ಉಜ್ಜಿದರೂ ತಡೆದುಕೊಳ್ಳುತ್ತದೆ.

ಬೇಸಿಗೆಯಲ್ಲಿ ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ಕಲೆಯಿಲ್ಲದವನ್ನು ಆರಿಸಿ ಅಟ್ಟದಲ್ಲಿಟ್ಟುಕೊಳ್ಳಿ. ಬೇಕಾದ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಬಟ್ಟೆಯಿಂದ ಉಜ್ಜಿ ತೊಳೆದು, ಅಂಚು ಕತ್ತರಿಸಿ, ಸಮತಟ್ಟಾದ ಹಲಗೆಯ ಕೆಳಗಿಟ್ಟು ಮೇಲೆ ಕಲ್ಲು ಹೇರಿ. ಕತ್ತರಿಸುವ ಕೆಲಸ ದೊಡ್ಡವರದೇ, ಹಾಳೆಯ ಅಂಚು ಎಳೆಯ ಬೆರಳನ್ನು ಕೊಯ್ಯುತ್ತದೆ. ತೋಟವಿಲ್ಲದ ಮನೆಯವರಿಗೆ ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ಸಾಕು, ಹಳೆಯ ಮದುವೆ ಕರೆಯೋಲೆಯ ಹಿಂಬದಿಯೂ ಆಗುತ್ತದೆ.

ಬಣ್ಣಗಳಲ್ಲಿ ಕೆಮ್ಮಣ್ಣೇ ಮೊದಲು. ಶಿರಸಿ, ಸಿದ್ದಾಪುರದ ದೀವರ ಸಮುದಾಯದ ಹೆಂಗಸರು ಹಸೆ ಚಿತ್ತಾರವೆಂಬ ಗೋಡೆ ಚಿತ್ರಕ್ಕೆ ಗೋಡೆಗೆ ಬಳಿಯುವುದು ಇದನ್ನೇ. ಚಿತ್ತಾರದ ಬಿಳಿ ಗೆರೆ ಅಕ್ಕಿ ಹಿಟ್ಟಿನದು, ಕುಂಚ ಪುಂಡಿ ನಾರಿನದು. ಮಣ್ಣನ್ನು ಕುಟ್ಟಿ, ನೀರಿನಲ್ಲಿ ಕದಡಿ ಒಂದೆರಡು ನಿಮಿಷ ಬಿಡಿ. ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿದರೆ ಅಡಿಯಲ್ಲಿ ಬೆಣ್ಣೆಯಂಥ ಮಣ್ಣು ಉಳಿದಿರುತ್ತದೆ. ಎರಡು ಚಮಚ ಮಣ್ಣಿಗೆ ಒಂದು ಚಮಚ ದಪ್ಪ ಅಕ್ಕಿ ಗಂಜಿ ಬೆರೆಸಿ. ಗಂಜಿ ಹಾಕದಿದ್ದರೆ ಒಣಗಿದ ಬಣ್ಣ ಪುಡಿಯಾಗಿ ಉದುರುತ್ತದೆ.

ಹಳದಿಗೆ ಅರಿಶಿನ, ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಇದ್ದಿಲು. ಇದ್ದಿಲನ್ನು ನೀರು ಚಿಮುಕಿಸಿಯೇ ಅರೆಯಿರಿ, ಒಣ ಪುಡಿ ಮಕ್ಕಳ ಮೂಗಿಗೆ ಹೋಗಬಾರದು. ನೀಲಿಗೆ ಹತ್ತಿಪ್ಪತ್ತು ಶಂಖಪುಷ್ಪದ ಹೂಗಳನ್ನು ಸ್ವಲ್ಪವೇ ಬಿಸಿನೀರಿನಲ್ಲಿ ಹಿಂಡಬೇಕು. ಅದಕ್ಕೆ ಎರಡು ಹನಿ ಲಿಂಬೆರಸ ಬಿದ್ದರೆ ನೇರಳೆಯಾಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಓಕುಳಿಯ ಕೆಂಪು ಬರುತ್ತದೆ. ಸುಣ್ಣ ಹಾಕುವ ಕೈ ಮಾತ್ರ ನಿಮ್ಮದಾಗಿರಲಿ. ಬಣ್ಣ ತಿರುಗುವುದನ್ನು ನೋಡಿ ನಾಲ್ಕು ವರ್ಷದ ಮೊಮ್ಮಗಳು “ಅಮ್ಮಮ್ಮಾ, ಇನ್ನೊಂದು ಸಲ” ಎನ್ನುತ್ತಾಳೆ. ಚಿತ್ರ ಬರೆಯುವುದನ್ನು ಮರೆತು ಅರ್ಧ ತಾಸು ಅದನ್ನೇ ಮಾಡಿದ್ದೇವೆ. ನನಗೆ ಅದೂ ಒಳ್ಳೆಯ ಮಧ್ಯಾಹ್ನವೇ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಡಿಕೆ ಬೆಳೆಯುವ ಮನೆಗಳಲ್ಲಿ ಈ ದಿನಗಳಲ್ಲೇ ಅಡಿಕೆಯ ಕೊಳೆರೋಗದ ಔಷಧಕ್ಕೆ ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ. ಆ ನೀಲಿ ಹರಳು ಮಕ್ಕಳ ಕಣ್ಣನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತದೆ. ಅದು ವಿಷ. ಬೀಗ ಹಾಕಿದ ಜಾಗದಲ್ಲಿಡಿ. ಔಷಧದ ಡಬ್ಬಿಯನ್ನು ಎಷ್ಟು ತೊಳೆದರೂ ಬಣ್ಣ ಕಲಸಲು ಕೊಡಬೇಡಿ. ಬಣ್ಣದ ಬಟ್ಟಲಿಗೆ ಗರಟೆ ಇದ್ದೇ ಇದೆ. ಅದು ಉರುಳದಂತೆ ಕೆಳಗೆ ಬಟ್ಟೆಯ ಸಿಂಬಿ ಇಟ್ಟರಾಯಿತು.

ಮೂರು ವರ್ಷದವರಿಗೆ ಕುಂಚಕ್ಕಿಂತ ಅಚ್ಚು ಸುಲಭ. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡ ಕೊಯ್ದರೆ ಹೂವು, ಬಾಳೆ ಎಲೆಯ ದಂಟನ್ನು ಕೊಯ್ದರೆ ಗೂಡುಗೂಡಾದ ಅರ್ಧಚಂದ್ರ. ಬಾಳೆಯ ಸೊನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಆದ್ದರಿಂದ ದೊಡ್ಡವರ ಹಳೆಯ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ. ಅಚ್ಚನ್ನು ಬಣ್ಣದ ಬಟ್ಟಲಿಗೆ ಅದ್ದಿಸಬೇಡಿ, ಮುದ್ದೆ ಕಲೆಯಾಗುತ್ತದೆ. ಬಣ್ಣ ಹೀರಿದ ಮಡಿಕೆ ಬಟ್ಟೆಯ ಮೇಲೆ ಒತ್ತಿ ಆಮೇಲೆ ಹಾಳೆಯ ಮೇಲೆ ಒತ್ತಿಸಿ. ಐದು ದಾಟಿದವರಿಗೆ ತೆಂಗಿನ ನಾರನ್ನು ಕಡ್ಡಿಗೆ ಬಿಗಿದು ಕುಂಚ ಮಾಡಿಕೊಡಿ. ಏನು ಬರೆಯಬೇಕೆಂದು ಹೇಳಬೇಡಿ, “ಇದೇನು?” ಎಂದು ಕೇಳುತ್ತ ಕೂರಲೂಬೇಡಿ. ಆಕಳಿಗೆ ಆರು ಕಾಲಾದರೆ ಆರೇ ಇರಲಿ, ನಿಮ್ಮ ಕೈ ಆ ಹಾಳೆಯ ಮೇಲೆ ಬರಬಾರದು.

ನಮ್ಮಲ್ಲಿ ನಿಜವಾದ ಕಷ್ಟ ಒಣಗಿಸುವುದು. ಮೊದಲ ವರ್ಷ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಕಪಾಟಿನಲ್ಲಿಟ್ಟೆ. ವಾರದಲ್ಲಿ ಎಲ್ಲಕ್ಕೂ ಬೂಸಲು ಹಿಡಿಯಿತು, ಮಕ್ಕಳ ಮುಖ ನೋಡಲಾಗಲಿಲ್ಲ. ಈಗ ಬಚ್ಚಲ ಒಲೆಯ ಮೇಲೆ, ಕೈಗೆ ಬೆಚ್ಚಗೆನಿಸುವಷ್ಟು ಎತ್ತರದಲ್ಲಿ ಹಗ್ಗ ಕಟ್ಟಿ ಎರಡು ದಿನ ತೂಗುಹಾಕುತ್ತೇನೆ. ಗಂಜಿ ಬೆರೆಸಿದ ಬಣ್ಣ ಮರುದಿನಕ್ಕೆ ಹುಳಿಯಾಗುತ್ತದೆ, ಅಂದಿನದನ್ನು ಅಂದೇ ಚೆಲ್ಲಬೇಕು. ಗಂಜಿ ಸೇರದ ಕೆಮ್ಮಣ್ಣನ್ನು ಉಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ಮಳೆಗಾಲಕ್ಕೂ ಬರುತ್ತದೆ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುವುದರಿಂದ ಚಿತ್ರಗಳನ್ನು ಜಗಲಿಯ ಒಳಗೋಡೆಗೆ, ಮಗುವಿನ ಕಣ್ಣಿನ ಎತ್ತರಕ್ಕೆ ಕಟ್ಟುತ್ತೇನೆ.